ಬೆಕ್ಕಿನ ಔಷಧದ ಲೆಕ್ಕಾ ನನಗ ಕೇಳಬ್ಯಾಡ್ರಿ

"ಒಂದು ಬೆಕ್ಕಿಗೆ ಇಷ್ಟು ರೊಕ್ಕಾ?" ಅನ್ನೋ ಮಾತು ಹೋದ ವರ್ಷದಿಂದ ಎಷ್ಟು ಸಲ ಕೇಳೇನಿ ಅಂದ್ರ, ಅದಕ್ಕೊಂದು ಉತ್ತರಾ ಬರದ ಇಟ್ಟಬಿಡೋದ ಛಲೋ ಅನ್ನಿಸೇದ. ಅರಿಷಿಣ-ಕುಂಕುಮಕ್ಕ ಹೋದಲ್ಲೆ ಕೇಳ್ಯಾರ, ಸೀಮಂತದಾಗ ಕೇಳ್ಯಾರ, ಒಬ್ಬಾಕಿ ಅಂತೂ ತಿಥಿ ಊಟದ ಎಲಿ ಮುಂದ ಕೂತಾಗ ಕೇಳಿದ್ಲು. ಇದರ ಜೋಡಿ ಇನ್ನೊಂದು ಮಾತೂ ಕೇಳೇನಿ, ಅದು ಇದಕ್ಕಿಂತ ಕೆಟ್ಟದ್ದು: "ಅಷ್ಟ ಪ್ರೀತಿ ಇದ್ರ ಪೂರ್ತಿ ಯಾಕ ಮಾಡಸ್ಲಿಲ್ಲಾ, ನಡುವ ಯಾಕ ಬಿಟ್ರಿ?" ಎರಡೂ ಗುಂಪಿನವರ ಜೋಡಿ ಇವತ್ತ ನಂದು ಸ್ವಲ್ಪ ಜಗಳದ.

ಶಾಣಿ ನಮ್ಮ ಮನಿಗೆ ಬಂದಾಗನ ದೊಡ್ಡಾಕಿ ಇದ್ಲು. ಯಾರೋ ಬಾಡಿಗಿ ಮನಿ ಬಿಟ್ಟು ಹೋಗುವಾಗ ಬೆಕ್ಕನ್ನೂ ಬಿಟ್ಟು ಹೋಗಿದ್ರು. ಎಷ್ಟು ಸಲ ಮರಿ ಹಾಕಿದ್ಲೋ ಆ ದೇವರಿಗೇ ಗೊತ್ತು. ಆರು ವರ್ಷ ನಮ್ಮ ಹಿತ್ತಲ ಬಾಗಲಾ, ಅಡಗಿಮನಿ ಕಿಡಕಿ, ನನ್ನ ಮಗ್ಗಲಾ, ಇವ ಅಕಿ ಊರು. ಒಂದಿನ ಹೊಟ್ಟಿ ಸವರುವಾಗ ಮೊಲಿ ಹತ್ರ ಕಡ್ಲಿಕಾಳಿನಷ್ಟು ಗಂಟು ಕೈಗೆ ಹತ್ತಿತು. ಮರುದಿನಾನ ಒಯ್ದೆ.

ನಾಯಿಗೆ ಮೊಲ್ಯಾಗ ಗಂಟಾದ್ರ ಹತ್ತರಾಗ ಐದು ನಿರುಪದ್ರವಿ ಇರಬಹುದಂತ. ಬೆಕ್ಕಿಂದು ಹಂಗಲ್ಲಾ, ಹತ್ತರಾಗ ಎಂಟೊಂಬತ್ತು ಕ್ಯಾನ್ಸರೇ. ಗಂಟು 2 ಸೆಂಟಿಮೀಟರಿಗಿಂತ ಸಣ್ಣದಿದ್ದಾಗ ತಗದ್ರ ಬೆಕ್ಕು ಹೆಚ್ಚು ದಿನಾ ಬಾಳ್ತದ, 3 ದಾಟಿದ ಮ್ಯಾಲ ಆಶಾ ಭಾಳ ಕಡಿಮಿ. ಗಂಟಷ್ಟ ಕೊಯ್ದ್ರ ಸಾಲಂಗಿಲ್ಲಾ, ಆ ಬದಿಯ ಮೊಲಿಗಳ ಸಾಲನ್ನ ಪೂರ್ತಿ ತಗೀಬೇಕು. ಅದಕ್ಕೂ ಮೊದಲ ಎದಿ ಎಕ್ಸ್‌ರೇ, ಯಾಕಂದ್ರ ಅದು ಪುಪ್ಪಸಕ್ಕ ಹಬ್ಬತದ. ಕಾಯೋ ಜಡ್ಡಲ್ಲ ಇದು. "ಒಂದೆರಡು ತಿಂಗಳು ನೋಡೂಣಂತ" ಅಂತ ಸಲಹಾ ಕೊಟ್ಟವರೇ ನಂತರ "ಇಷ್ಟು ಗಡಿಬಿಡಿ ಯಾಕ ಬೇಕಿತ್ತು" ಅಂದ್ರು.

ಇನ್ನ ಲೆಕ್ಕಾ. ಕೇಳಬ್ಯಾಡ್ರಿ ಅಂತ ಅಂದೇನಿ, ಆದ್ರೂ ಹೇಳ್ತೀನಿ, ಯಾಕಂದ್ರ ಬಾಯಿಂದ ಬಾಯಿಗೆ ಹೋಗಿ ಅದು ಎರಡು ಲಕ್ಷ ಆಗೇದ ಅಂತ ಕೇಳೇನಿ. ರಕ್ತ ತಪಾಸಣಿ, ಎಕ್ಸ್‌ರೇ 4,200. ಆಪರೇಷನ್ 22,000. ತಗದ ಗಂಟನ್ನ ಲ್ಯಾಬಿಗೆ ಕಳಿಸಿದ್ದು 2,800. ಗುಳಿಗಿ, ಇಂಜೆಕ್ಷನ್, ಕೊಳ್ಳಿಗೆ ಹಾಕೋ ಪ್ಲಾಸ್ಟಿಕ್ ಕಾಲರ್, ಅಂಗಿ ಎಲ್ಲಾ ಕೂಡಿ 3,000. ಒಟ್ಟು 32,000. ಇದು ನನ್ನ ಭಿಶಿ ರೊಕ್ಕ. ಶ್ಯಾವಿಗಿ, ಹಪ್ಪಳಾ, ಮೆಂತ್ಯೆಹಿಟ್ಟು ಮಾರಿ ತಿಂಗಳಾ ತಿಂಗಳಾ ತುಂಬಿದ್ದು, ನನ್ನ ಪಾಳಿ ಬಂದಾಗ 40,000 ಬಂದಿತ್ತು. ಇವರ ಪೆನ್ಷನ್ ಮುಟ್ಟಿಲ್ಲಾ, ಮಗನ್ನ ಕೇಳಿಲ್ಲಾ, ಬಂಗಾರ ಇಟ್ಟಿಲ್ಲಾ.

ಆ 40,000ದಾಗ ನಾ ಎರಡು ರೇಷ್ಮಿ ಸೀರಿ ತಗೊಂಡಿದ್ರ ನೀವೆಲ್ಲಾ ಸೆರಗು ಮುಟ್ಟಿ ನೋಡಿ "ಎಲ್ಲೆ ತಗೊಂಡ್ರಿ ವೈನಿ" ಅಂತಿದ್ರಿ. ನಮ್ಮ ಬಳಗದಾಗನ ಒಂದ ಮದುವಿಗೆ, ಮದುವಿಗಿಂತ ಮೊದಲನ, ದಾಂಡೇಲಿಗೆ ಹೋಗಿ ಫೋಟೋ ತಗಸ್ಕೊಂಡು ಬರಲಿಕ್ಕೆ ನನ್ನ ಶಾಣಿಗೆ ಹೋದದ್ದರ ಎರಡು ಪಟ್ಟು ಹೋಗೇದ. ಆ ಖರ್ಚಿನ ಬಗ್ಗೆ ತಿಥಿ ಊಟದಾಗ ಯಾರೂ ಬಾಯಿ ಬಿಡಲಿಲ್ಲ. ಹೆಣ್ಣಮಗಳು ತನ್ನ ದುಡಿಮಿ ರೊಕ್ಕ ಸೀರಿಗೆ ಹಾಕಿದ್ರ ಹೌಸು, ತೀರ್ಥಯಾತ್ರಾಕ್ಕ ಹಾಕಿದ್ರ ಪುಣ್ಯಾ, ಬೆಕ್ಕಿಗೆ ಹಾಕಿದ್ರ ಹುಚ್ಚು. ಇದ್ಯಾವ ಲೆಕ್ಕಾ ರೀ?

"ಆ ರೊಕ್ಕದಾಗ ಒಬ್ಬ ಬಡವರ ಕ್ಯಾನ್ಸರಿಗೆ ಸಹಾಯ ಆಗ್ತಿತ್ತು" ಅಂದ್ರು ಒಬ್ರು. ಈ ಮಾತಿಗೆ ನಾ ನಗಂಗಿಲ್ಲಾ, ಇದು ತೂಕದ ಮಾತು. ಮನುಷ್ಯಾ ಮೊದಲು, ಇದರಾಗ ನನಗ ಸಂಶಯ ಇಲ್ಲಾ. ಅದ ತಿಂಗಳು ಮನ್ಯಾಗ ಯಾರಿಗರ ದವಾಖಾನಿ ಹತ್ತಿದ್ರ ಆ ರೊಕ್ಕ ಅಲ್ಲೇ ಹೋಗ್ತಿತ್ತು, ಶಾಣಿನ್ನ ತೊಡಿ ಮ್ಯಾಲ ಇಟಗೊಂಡು ಅಳ್ತಿದ್ದೆ, ಅಷ್ಟ. ಆದ್ರ ಬಡವರ ಹೆಸರು ಬೆಕ್ಕಿನ ವಿಷಯ ಬಂದಾಗಷ್ಟ ಯಾಕ ನೆನಪಾಗ್ತದ? ಬಡವರಿಗೆ ಆಯುಷ್ಮಾನ್ ಕಾರ್ಡದ, ವರ್ಷಕ್ಕ ಒಂದು ಕುಟುಂಬಕ್ಕ 5 ಲಕ್ಷದ ತನಕಾ ಆಗ್ತದ. ಅದು ಸಾಲ್ತದ ಅಂತ ನಾ ಹೇಳಂಗಿಲ್ಲಾ. ಆದ್ರ ಮೂಕ ಜೀವಕ್ಕ ಅದೂ ಇಲ್ಲಾ, ಅದಕ್ಕಿರೋದು ಅನ್ನಾ ಹಾಕೋ ಕೈ ಒಂದ.

ಇನ್ನೊಂದು ತಮಾಷೆ ಅದ. ಬೆಕ್ಕು ಕೊಂದ್ರ ಕಾಶಿಗೆ ಹೋಗಿ ಬಂಗಾರದ ಬೆಕ್ಕು ದಾನಾ ಕೊಡಬೇಕು ಅಂತ ಸಣ್ಣವರಿದ್ದಾಗ ನಮಗ ಹೆದರಸ್ತಿದ್ರಲ್ಲಾ, ಅದ ಹಿರ್ಯಾರೊಬ್ರು ನನಗ "ಚೀಲದಾಗ ಹಾಕಿ ಮಾರ್ಕೆಟ್ಟಿಗೆ ಬಿಟ್ಟ ಬಾ" ಅಂದ್ರು. ಕೊಂದ್ರ ಬಂಗಾರ ಕೊಡಬೇಕು, ಬದುಕಸಲಿಕ್ಕೆ ಹಿತ್ತಾಳಿನೂ ಖರ್ಚ ಮಾಡಬಾರದು!

ಈಗ ಎರಡನೇ ಗುಂಪು. ಆಪರೇಷನ್ ಆದಮ್ಯಾಲ ಕಿಮೋ ಕೊಡಸ್ರಿ ಅಂದ್ರು ಡಾಕ್ಟರು. ನಮಗ ಹೆಂಗಸರಿಗೆ ಸ್ತನದ ಕ್ಯಾನ್ಸರಿಗೆ ಕೊಡೋ ಡಾಕ್ಸೊರುಬಿಸಿನ್ ಅನ್ನೋ ಔಷಧನ ಬೆಕ್ಕಿಗೂ ಕೊಡ್ತಾರ, ಮೂರು ವಾರಕ್ಕೊಮ್ಮೆ. ಬೆಕ್ಕಿನ ಕೂದಲಾ ನಮ್ಮಂಗ ಉದರಂಗಿಲ್ಲಾ, ಮೀಸಿ ಉದರಬಹುದು. ಪ್ರತಿ ಸಲ ರಕ್ತಾ ನೋಡಬೇಕು, ಮೂತ್ರಪಿಂಡದ ಮ್ಯಾಲ ಕಣ್ಣಿಡಬೇಕು. ನನಗ ಹೇಳಿದ ಪ್ರಕಾರ ಒಂದು ಸಲಕ್ಕ 9,000, ಕಡಿಮಿ ಅಂದ್ರ ನಾಲ್ಕು ಸಲ, ಅದೂ ಬೆಂಗಳೂರಾಗ. ಹುಬ್ಬಳ್ಳಿಯಿಂದ 400 ಕಿಲೋಮೀಟರ್ ಚಿಲ್ಲರ ದಾರಿ, ಬುಟ್ಟ್ಯಾಗ ಕೂತು ಒದರೋ ಬೆಕ್ಕು, ಇಷ್ಟೆಲ್ಲಾ ಮಾಡಿದ್ರೂ ಪೂರ್ತಿ ಗುಣಾ ಆಗ್ತದ ಅಂತ ಅಲ್ಲಾ, ಇನ್ನೊಂದಿಷ್ಟು ತಿಂಗಳು ಸಿಗಬಹುದು ಅಂತ. ನನ್ನ ಹತ್ರ ಉಳದದ್ದು 8,000. ನಾ ಬ್ಯಾಡಾ ಅಂದೆ.

ಅದಕ್ಕ ನಮ್ಮ ಬಳಗದ ಒಬ್ಬ ಹುಡುಗಿ, ಪಾಪ ಒಳ್ಳೆಯಾಕಿ, "ಮೌಶಿ, ಸಾಲಾ ಮಾಡಿಯಾದ್ರೂ ಉಳಸ್ಬೇಕಿತ್ತು, ಅದೂ ಜೀವಾನ ಅಲ್ಲೇನು" ಅಂದ್ಲು. ಜೀವಾನ, ಖರೇ. ಆದ್ರ ಸಾಲದ ಬಡ್ಡಿ ಕಟ್ಟೋದು ಯಾರು? ಈ "ಏನ ಆಗ್ಲಿ ಉಳಸ್ರಿ" ಅನ್ನೋ ಮಾತಿನಾಗ ಒಂದು ಬಲಿ ಅದ. ಇರೋರು ಅಂದ್ರ ನಡೀತದ, ಇಲ್ಲದವರು ಅದನ್ನ ನಂಬಿ ಬಂಗಾರ ಇಟ್ಟು, ಬೆಕ್ಕೂ ಹೋಗಿ, ಬಂಗಾರೂ ಹೋಗಿ ಕೂಡ್ತಾರ. ಹಾಸಿಗಿ ಇದ್ದಷ್ಟ ಕಾಲ ಚಾಚೋದು ಪ್ರೀತಿ ಕಡಿಮಿ ಇದ್ದದ್ದಕ್ಕಲ್ಲ. ಬೆಕ್ಕಿಗೆ ಮುಂದಿನ ವರ್ಷದ ಯೋಚನಿ ಇರಂಗಿಲ್ಲಾ, ಇವತ್ತ ನೋವು ಅದನೋ ಇಲ್ಲೋ ಅನ್ನೋದಷ್ಟ ಅದಕ್ಕ ಗೊತ್ತು. ನೋವಿನ ಔಷಧಾ ನಾ ಒಂದಿನಾನೂ ತಪ್ಪಸಲಿಲ್ಲಾ. (ನಮ್ಮ ಪ್ಯಾರಾಸಿಟಮಾಲ್ ಮಾತ್ರ ಯಾರೂ ಬೆಕ್ಕಿಗೆ ಕೊಡಬ್ಯಾಡ್ರಿ, ಒಂದ ಗುಳಿಗಿಗೆ ಸಾಯ್ತದ.)

ನನಗ ಖರೇ ಸಿಟ್ಟು ಬಂದದ್ದು ಮೊದಲು ತೋರಿಸಿದ ದವಾಖಾನಿ ಮ್ಯಾಲ. ಒಟ್ಟ ಎಷ್ಟಾಗ್ತದ ಅಂತ ಮೂರು ಸಲ ಕೇಳಿದೆ, ಮೂರು ಸಲಾನೂ "ನೋಡೂಣ್ರಿ ಅಮ್ಮಾ" ಅಂದ್ರು. ಸೀರಿ ಅಂಗಡ್ಯಾಗೂ ಬೆಲಿ ಚೀಟಿ ಇರ್ತದ. ಜೀವದ ವಿಷಯದಾಗ ರೊಕ್ಕದ ಮಾತಾಡಿದ್ರ ನಾವು ಸಣ್ಣವರಾಗ್ತೀವಿ ಅನ್ನೋ ಹಂಗ ನೋಡ್ತಾರ. ಎದ್ದು ಬಂದು ಬ್ಯಾರೆ ಕಡೆ ಹೋದೆ. ಅಲ್ಲೆ ಒಂದು ಹಾಳಿ ಮ್ಯಾಲ ಎಲ್ಲಾ ಬರದ ಕೊಟ್ರು, ಯಾವುದು ಬೇಕೇ ಬೇಕು, ಯಾವುದು ಬಿಟ್ರ ನಡೀತದ ಅಂತ ಗುರುತು ಹಾಕಿ. ನೀವೂ ಹಂಗ ಕೇಳ್ರಿ, ನಾಚಬ್ಯಾಡ್ರಿ. ಗದಗಿನಾಗ, ಶಿವಮೊಗ್ಗಾದಾಗ, ಬೀದರದಾಗ, ಬೆಂಗಳೂರಿನ ಹೆಬ್ಬಾಳದಾಗ ಸರಕಾರಿ ಪಶುವೈದ್ಯಕೀಯ ಕಾಲೇಜು ಅವ, ಖಾಸಗಿಗೆ ಹೋಗೋಕಿಂತ ಮೊದಲ ಅಲ್ಲೆ ಒಂದು ಮಾತು ವಿಚಾರಿಸ್ರಿ.

ಇದಕ್ಕೆಲ್ಲಾ ಬೇರಿನ ಮಾತು ಒಂದದ. ಹೆಣ್ಣು ಬೆಕ್ಕಿಗೆ ಆರು ತಿಂಗಳ ಒಳಗ ಮರಿ ಆಗದಂಗ ಆಪರೇಷನ್ ಮಾಡಿಸಿದ್ರ ಈ ಮೊಲಿ ಕ್ಯಾನ್ಸರ್ ಬರೋ ಸಂಭವ ನೂರಕ್ಕ 91ರಷ್ಟು ಕಡಿಮಿ ಆಗ್ತದ, ಒಂದು ವರ್ಷದ ಒಳಗಾದ್ರ 86ರಷ್ಟು. 2005ರಾಗ ಅಮೆರಿಕಾದಾಗ ಪ್ರಕಟ ಆದ ಅಧ್ಯಯನ ಇದು. ಎರಡು ವರ್ಷ ದಾಟಿದ ಮ್ಯಾಲ ಮಾಡಿಸಿದ್ರ ಈ ಲಾಭಾ ಸಿಗಂಗಿಲ್ಲಾ. "ಒಮ್ಮೆರ ತಾಯಿ ಆಗ್ಲಿ, ಪಾಪ" ಅನ್ನೋ ಕರುಣಾ ಅದಲ್ಲಾ, ಅದನ್ನ ನಮ್ಮ ಸೊಸಿ-ಮಗಳ ಮ್ಯಾಲ ತೋರಸಿದಂಗ ಬೆಕ್ಕಿನ ಮ್ಯಾಲೂ ತೋರಸಲಿಕ್ಕೆ ಹೋಗಬ್ಯಾಡ್ರಿ. ಕೂಗಾಟಾ ನಿಲ್ಲಲಿ ಅಂತ ಹಾರ್ಮೋನ್ ಇಂಜೆಕ್ಷನ್ ಹಾಕಸೋದಂತೂ ಈ ಕ್ಯಾನ್ಸರನ್ನ ಕರದು ಮಣಿ ಹಾಕಿದಂಗ.

ಶಾಣಿ ಆಪರೇಷನ್ ಆದಮ್ಯಾಲ ಹನ್ನೊಂದು ತಿಂಗಳಿದ್ಲು. ಅದರಾಗ ಹತ್ತು ತಿಂಗಳು ಕಿಡಕಿಗೆ ಹಾರಿ ಕೂಡ್ತಿದ್ಲು, ಹಾಲಿನಾಂವ ಬಂದ್ರ ನನಗಿಂತ ಮೊದಲ ಬಾಗಲಕ್ಕ. ಹನ್ನೊಂದು ತಿಂಗಳಿಗೆ 32,000 ಅಂದ್ರ ದಿನಕ್ಕ ನೂರು ರೂಪಾಯಿನೂ ಆಗಲಿಲ್ಲಾ, ಬೇಕಾದ್ರ ಭಾಗಿಸಿ ನೋಡ್ರಿ.

ನಮ್ಮ ಓಣಿ ಗಿರಣಿ ಹಿಂದ ಈಗ ಎರಡು ಹೆಣ್ಣು ಮರಿ ಅವ, ನಾಲ್ಕು ತಿಂಗಳು ಆಗಿರಬೇಕು. ಉಳದ ಆ 8,000 ಹಂಗ ಅದ. ಬರೋ ಸೋಮವಾರ ಎರಡನ್ನೂ ಆಪರೇಷನ್ನಿಗೆ ಒಯ್ಯಾಕಿ ಇದ್ದೀನಿ. ಮುಚ್ಚಳಾ ಗಟ್ಟಿ ಇದ್ದ ಬುಟ್ಟಿ ಯಾರ ಹತ್ರರ ಇದ್ರ ಐತವಾರ ಸಂಜಿ ಒಳಗ ಕೊಟ್ಟ ಹೋಗ್ರಿ, ಶಾಣಿ ಬುಟ್ಟಿದು ಮುರದದ.