ಅಚ್ಚಿಗೆ ಸಿಕ್ಕದ ಮಾತು

ಮಲೆಯ ಮಾದೇಶ್ವರನ ಕಾವ್ಯವೂ ಮಂಟೇಸ್ವಾಮಿಯ ಕಾವ್ಯವೂ ಅಚ್ಚಾಗಿ ಗ್ರಂಥಭಂಡಾರಗಳನ್ನು ಸೇರಿದುವು, ಇನ್ನು ಅವಕ್ಕೆ ಅಳಿವಿಲ್ಲವೆಂದು ನಮ್ಮ ವಿದ್ಯಾವಂತರು ಸಮಾಧಾನಪಟ್ಟುಕೊಂಡಿದ್ದಾರೆ. ಸಂಗ್ರಹಿಸಿದವರಿಗೆ ನಾಡು ಋಣಿ, ನಿಜ. ಆದರೆ ಈ ಸಮಾಧಾನ ಸಲ್ಲದು.

ಪ್ರಾಚೀನ ಈಜಿಪ್ಟಿನವರು ತಮ್ಮ ಚಿತ್ರಲಿಪಿಯನ್ನು 'ದೇವರ ನುಡಿ' ಎಂದರು. ಪ್ತಾಹ ದೇವನು ಹೃದಯದಲ್ಲಿ ನೆನೆದು ನಾಲಗೆಯಿಂದ ನುಡಿದುದರಿಂದ ಜಗತ್ತಾಯಿತೆಂದು ಕಲ್ಲಿನಲ್ಲಿ ಕೊರೆದರು. ಸತ್ತವನ ಹೆಸರನ್ನು ಬದುಕಿರುವವರು ನುಡಿದರೆ ಅವನು ಬಾಳುತ್ತಾನೆಂದು ನಂಬಿದರು. ಕಾಲ ನಮೂದಾಗಿರುವ ಅವರ ಕೊನೆಯ ಚಿತ್ರಲಿಪಿ ಶಾಸನ ಕ್ರಿ.ಶ. 394ರದು. 1822ರಲ್ಲಿ ಷಾಂಪೋಲಿಯೋನ್ ಅದನ್ನು ಓದುವ ದಾರಿ ತೆರೆದಾಗ ಅರ್ಥ ಮರಳಿತು. ಸ್ವರಗಳನ್ನು ಬರೆಯದ ಲಿಪಿಯಾದ ಕಾರಣ ಉಚ್ಚಾರಣೆ ಪೂರ್ತಿಯಾಗಿ ಮರಳಲಿಲ್ಲ. ಕಲ್ಲಿನಲ್ಲಿ ಉಳಿದ ನುಡಿ ಬಾಯಲ್ಲಿ ಸತ್ತಿತ್ತು.

ಕನ್ನಡ ಲಿಪಿಗೆ ಸ್ವರಗಳ ಕೊರತೆಯಿಲ್ಲವಲ್ಲ ಎನ್ನುವಿರಾ? ಕೊರತೆ ಬೇರೆಡೆ ಇದೆ. ಕೊಳ್ಳೇಗಾಲ, ಹನೂರುಗಳ ಸೀಮೆಯಲ್ಲಿ ದೇವರಗುಡ್ಡನಾಗುವುದು, ನೀಲಗಾರನಾಗುವುದು ಕಸುಬು ಆರಿಸಿಕೊಂಡಂತಲ್ಲ. ಅದಕ್ಕೆ ಹರಕೆ ಬೇಕು, ಗುರುವಿನ ದೀಕ್ಷೆ ಬೇಕು. ಕಂಸಾಳೆಯ ನಾದ, ತಂಬೂರಿಯ ಶ್ರುತಿ, ಹಿಮ್ಮೇಳದ ದನಿ, ಕೇಳುವವನ ಭಕ್ತಿ ಎಲ್ಲವೂ ಕೂಡಿದಾಗ ಆ ಮಾತಿಗೆ ಶಕ್ತಿ. ಇವುಗಳಲ್ಲಿ ಅಚ್ಚಿನ ಮೊಳೆಗೆ ಸಿಕ್ಕುವುದು ಯಾವುದು?

ಮಾತಿನ ತೂಕ ಎಷ್ಟೆಂಬುದನ್ನು 'ಸಂಕಮ್ಮನ ಸಾಲು' ಹೇಳುತ್ತದೆ. ಕಾಡಿಗೆ ಹೊರಟ ಗಂಡ ಶೀಲಕ್ಕಾಗಿ ಭಾಷೆ ಕೇಳಿದರೆ ಸಂಕಮ್ಮ ಕೊಡಲೊಲ್ಲಳು. ಹಿಂಸೆಯನ್ನುಂಡಳು, ಭಾಷೆ ಕೊಡಲಿಲ್ಲ. ಮಾದಪ್ಪ ಒಲಿದದ್ದು ಅವಳಿಗೆ. ಇಂಥ ಕತೆಯನ್ನು ನಾವು ಸಮ್ಮೇಳನದ ವೇದಿಕೆಯಲ್ಲಿ ಹತ್ತು ನಿಮಿಷಕ್ಕೆ ಇಳಿಸಿ, 'ಜಾನಪದ ಮನರಂಜನೆ' ಎಂದು ಚಪ್ಪಾಳೆ ತಟ್ಟಿ, ಹಾರ ಹಾಕಿ ಕಳುಹುತ್ತೇವೆ. ವೇದಮಂತ್ರವಾದರೆ ಸ್ವರ ತಪ್ಪಬಾರದು; ಗುಡ್ಡನ ಪದವಾದರೆ ಅರ್ಧಕ್ಕೆ ನಿಲ್ಲಿಸಬಹುದು! ಈ ಪಂಕ್ತಿಭೇದ ಯಾವ ನ್ಯಾಯ?

ಸಂಚಿಯ ಹೊನ್ನಮ್ಮ ಯಳಂದೂರಿನವಳೆಂದು ಹೆಮ್ಮೆಪಡುವವರು ಓಲೆ ಕಾಣದ ಕವಿಗಳಿಗೂ ಅಷ್ಟೇ ಮರ್ಯಾದೆ ಸಲ್ಲಿಸಲಿ. ಕಾಲೇಜುಗಳು ಈ ಹಾಡುಗಾರರನ್ನು ವಾರ್ಷಿಕೋತ್ಸವದ ಅಲಂಕಾರಕ್ಕಲ್ಲ, ಪಾಠ ಹೇಳಲು ಕರೆಯಲಿ. ಅಧ್ಯಾಪಕರಿಗೆ ಕೊಡುವಂತೆ ಸಂಭಾವನೆ ಕೊಡಲಿ. ಒಂದು ಸಾಲನ್ನಾದರೂ ಇಡೀ ರಾತ್ರಿ ಕುಳಿತು ಕೇಳಲಿ. ಪುಸ್ತಕ ಕಪಾಟಿನಲ್ಲಿ ಕಾಯಬಲ್ಲುದು. ಮುದಿ ಗುಡ್ಡನ ಉಸಿರು ಕಾಯಲಾರದು.