ರಾಜೀನಾಮೆ ಕೊಟ್ಟಿದ್ದಲ್ಲ, ಕೊಡಿಸಿದ್ದು

ಮೈಸೂರಿನ ಹೆಬ್ಬಾಳು, ಮೇಟಗಳ್ಳಿ, ಕೂರ್ಗಳ್ಳಿ, ಆ ಕಡೆ ನಂಜನಗೂಡಿನ ತಾಂಡ್ಯ. ಈ ಕೈಗಾರಿಕಾ ಪ್ರದೇಶಗಳಿಗೆ ಮೊದಲ ಪಾಳಿಗೆ ಬರುವ ಎಷ್ಟೋ ಜನ ನಮ್ಮ ನಿಮ್ಮ ಊರಿನವರೇ. ತಿ. ನರಸೀಪುರ, ಎಚ್.ಡಿ. ಕೋಟೆ, ಹುಣಸೂರು, ಪಾಂಡವಪುರ ಕಡೆಯ ಹಳ್ಳಿಗಳಿಂದ ಕತ್ತಲಿರುವಾಗಲೇ ಎದ್ದು ಬಸ್ಸು ಹಿಡಿಯುವವರು. ಅವರನ್ನು ಕೆಲಸದಿಂದ ತೆಗೆಯುವ ದಿನ ಆಫೀಸಿಗೆ ಕರೆದು ಮುಂದಿಡುವುದು ಒಂದು ಹಾಳೆ, ಒಂದು ಪೆನ್ನು. "ಸ್ವಂತ ಕಾರಣಕ್ಕೆ ಕೆಲಸ ಬಿಡ್ತಾ ಇದ್ದೀನಿ ಅಂತ ಬರೆದು ಸೈನ್ ಹಾಕಿ. ಪಿಎಫ್ ಬೇಗ ಆಗುತ್ತೆ. ಇಲ್ಲಾಂದ್ರೆ ನಿಮ್ಮ ಲೆಕ್ಕ ಸೆಟಲ್ ಆಗೋದು ತಡ."

ಆ ಸೈನಿನ ಬೆಲೆ ಎಷ್ಟು ಅಂತ ಯಾರೂ ಹೇಳುವುದಿಲ್ಲ. ನಾವು ಲೆಕ್ಕ ಹಾಕಿದ್ದೇವೆ.

ನಿಮ್ಮ ಸಂಬಳದ ಚೀಟಿ ತೆಗೆದು ನೋಡಿ. ಇಎಸ್‌ಐ ಅಂತ ಒಂದು ಕಡಿತ ಇರುತ್ತದೆ, ನೂರಕ್ಕೆ ಮುಕ್ಕಾಲು ರೂಪಾಯಿ. 12,000 ಸಂಬಳವಿದ್ದರೆ ತಿಂಗಳಿಗೆ 90 ರೂ. ಇದಕ್ಕೆ ಮಾಲೀಕರು ನೂರಕ್ಕೆ 3.25ರಂತೆ 390 ರೂ. ಸೇರಿಸಿ ಕಟ್ಟಬೇಕು. ಈ ದುಡ್ಡು ಕೆಆರ್‌ಎಸ್ ರಸ್ತೆಯ ಇಎಸ್‌ಐ ಆಸ್ಪತ್ರೆಯಲ್ಲಿ ಮಾತ್ರೆ ಕೊಡುವುದಕ್ಕೆ ಮಾತ್ರ ಅಂತ ನಮ್ಮೂರಲ್ಲಿ ಬಹಳ ಜನ ತಿಳಿದಿದ್ದಾರೆ. ಅಲ್ಲ. ಕೆಲಸ ಹೋದಾಗ ಭತ್ಯೆ ಕೊಡುವುದೂ ಅದೇ ಇಎಸ್‌ಐ ನಿಗಮ. ಒಂದಲ್ಲ, ಎರಡು ಯೋಜನೆ ಇವೆ.

ದೊಡ್ಡದು ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ, 2005ರ ಏಪ್ರಿಲ್ 1ರಿಂದ ಇದೆ. ಕಾರ್ಖಾನೆ ಮುಚ್ಚಿದ್ದರೆ, ಅಥವಾ ಹೆಚ್ಚುವರಿ ಎಂದು ಕಾನೂನು ಪ್ರಕಾರ ನಿಮ್ಮನ್ನು ತೆಗೆದಿದ್ದರೆ, ಅಥವಾ ಕೆಲಸಕ್ಕೆ ಸಂಬಂಧವಿಲ್ಲದ ಪೆಟ್ಟಿನಿಂದ ಶೇ 40ಕ್ಕೆ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯ ಆಗಿದ್ದರೆ ಇದು ಸಿಗುತ್ತದೆ. ಅದಕ್ಕೆ ಮೊದಲು ಕನಿಷ್ಠ ಎರಡು ವರ್ಷದ ಇಎಸ್‌ಐ ವಂತಿಗೆ ಇರಬೇಕು. ಮೊದಲ 12 ತಿಂಗಳು ಸರಾಸರಿ ಕೂಲಿಯ ಅರ್ಧ, ಮುಂದಿನ 12 ತಿಂಗಳು ಕಾಲು ಭಾಗ. ನಡುವೆ ಬೇರೆ ಕೆಲಸ ಸಿಕ್ಕರೆ ನಿಲ್ಲುತ್ತದೆ. ಭತ್ಯೆ ಬರುವಷ್ಟು ಕಾಲ ಮನೆಯವರಿಗೂ ಇಎಸ್‌ಐ ಚಿಕಿತ್ಸೆ ಮುಂದುವರಿಯುತ್ತದೆ.

ದಿನಕ್ಕೆ ಸರಾಸರಿ 450 ರೂ. ದುಡಿಯುವ ಹೆಣ್ಣುಮಗಳನ್ನು ತೆಗೆದುಕೊಳ್ಳಿ. ಮೊದಲ ವರ್ಷ ದಿನಕ್ಕೆ 225ರಂತೆ 82,125. ಎರಡನೇ ವರ್ಷ ದಿನಕ್ಕೆ 112.50ರಂತೆ 41,062. ಒಟ್ಟು ಒಂದು ಲಕ್ಷದ 23 ಸಾವಿರ. "ಸ್ವಂತ ಕಾರಣಕ್ಕೆ ಬಿಡ್ತಾ ಇದ್ದೀನಿ" ಎಂಬ ಒಂದು ಸಾಲು ಬರೆದುಕೊಟ್ಟರೆ ಇದರಲ್ಲಿ ಒಂದು ರೂಪಾಯಿಯೂ ಇಲ್ಲ. ತಾನಾಗಿ ಬಿಟ್ಟವರಿಗೆ ಈ ಭತ್ಯೆ ಕೊಡುವುದಿಲ್ಲ.

ಈ ಭತ್ಯೆಯನ್ನು ಕೊಡುವುದು ಮಾಲೀಕರಲ್ಲ, ನಿಗಮ. ಹಾಗಾದರೆ ರಾಜೀನಾಮೆ ಬರೆಸಿಕೊಳ್ಳಲು ಕಂಪನಿಗೆ ಯಾಕಿಷ್ಟು ಅವಸರ? ಕೆಲಸದಿಂದ ತೆಗೆದೆವು ಎಂದು ಒಪ್ಪಿಕೊಂಡರೆ ನೋಟಿಸ್ ಕೊಡಬೇಕು, ದುಡಿದ ವರ್ಷಗಳಿಗೆ ಪರಿಹಾರ ಕಟ್ಟಬೇಕು, ಕಾರ್ಮಿಕ ಇಲಾಖೆಗೆ ಉತ್ತರ ಹೇಳಬೇಕು. ತಾನೇ ಬಿಟ್ಟು ಹೋದಳು ಅಂದರೆ ಅದ್ಯಾವುದೂ ಇಲ್ಲ. ಕಂಪನಿ ತನ್ನ ಪರಿಹಾರದ ದುಡ್ಡು ಉಳಿಸಿಕೊಳ್ಳಲು ಹಾಕಿಸಿಕೊಂಡ ಸೈನಿಗೆ ಆಕೆ ಪರಿಹಾರವನ್ನೂ ಕಳೆದುಕೊಳ್ಳುತ್ತಾಳೆ, ನಿಗಮದ ಭತ್ಯೆಯನ್ನೂ ಕಳೆದುಕೊಳ್ಳುತ್ತಾಳೆ. ಇದನ್ನು ಅರಿವಿನ ಕೊರತೆ ಅಂತ ಕರೆಯುವವರ ಜೊತೆ ನಮಗೆ ಜಗಳವಿದೆ. ಇದು ಕೊರತೆಯಲ್ಲ, ಕಸಿದುಕೊಳ್ಳುವುದು.

ಎರಡನೆಯದು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ಶುರುವಾಗಿದ್ದು 2018ರ ಜುಲೈ 1ರಂದು, ಎರಡು ವರ್ಷದ ಪ್ರಯೋಗ ಅಂತ. ಆಗ ಕೊಡುತ್ತಿದ್ದುದು ಸರಾಸರಿ ದಿನಗೂಲಿಯ ಕಾಲು ಭಾಗ. ಕೊರೊನಾ ಬಂದು ದೇಶವೇ ಬೀಗ ಹಾಕಿಕೊಂಡಾಗ, 2020ರ ಮಾರ್ಚ್ 24ರಿಂದ ಅನ್ವಯವಾಗುವಂತೆ, ಅರ್ಧಕ್ಕೆ ಏರಿಸಿದರು. ಹೆಚ್ಚೆಂದರೆ 90 ದಿನ, ಅದೂ ಇಡೀ ಜೀವಮಾನಕ್ಕೆ ಒಂದು ಸಲ. ಅದೇ 450 ರೂ. ಲೆಕ್ಕದಲ್ಲಿ 20,250. ಶಿಸ್ತುಕ್ರಮದಿಂದ ಕೆಲಸ ಕಳೆದುಕೊಂಡವರಿಗೆ, ವಯಸ್ಸಾಗಿ ನಿವೃತ್ತರಾದವರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ ಇಲ್ಲ.

ಅರ್ಹತೆ ಇಷ್ಟು: ಕೆಲಸ ಹೋಗುವ ಮುಂಚೆ ಎರಡು ವರ್ಷ ಇಎಸ್‌ಐ ವ್ಯಾಪ್ತಿಯ ಕೆಲಸದಲ್ಲಿರಬೇಕು. ಇಎಸ್‌ಐ ತನ್ನ ವರ್ಷವನ್ನು ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಎರಡು ಅವಧಿ ಮಾಡಿಕೊಂಡಿದೆ. ಕೆಲಸ ಹೋಗುವುದಕ್ಕೆ ಹಿಂದಿನ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು, ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ ಮತ್ತೆ 78 ದಿನ ಇರಬೇಕು. ಅರ್ಜಿಯನ್ನು ಕಂಪನಿ ಮೂಲಕವೇ ಕೊಡಬೇಕೆಂಬ ಕಟ್ಟುಪಾಡನ್ನು 2020ರಲ್ಲೇ ತೆಗೆದಿದ್ದಾರೆ, ನೀವೇ ನೇರವಾಗಿ ಹಾಕಬಹುದು. ಕೆಲಸ ಹೋಗಿ 30 ದಿನವಾದ ಮೇಲೆ ಭತ್ಯೆ ಕೇಳಬಹುದು.

ಕಾಗದದ ಮೇಲೆ 78 ದಿನ ಏನು ಮಹಾ ಅನ್ನಿಸುತ್ತದೆ. ಗುತ್ತಿಗೆಯಲ್ಲಿ ದುಡಿಯುವವರನ್ನು ಕೇಳಿ. ಕಂಟ್ರಾಕ್ಟರ್ ಬದಲಾಗುತ್ತಾನೆ, ನಡುವೆ ಒಂದು ತಿಂಗಳು ಬ್ರೇಕ್ ಕೊಡುತ್ತಾನೆ. ಹೊಸಬ ಬಂದು ಹಳೆಯ ವಿಮಾ ನಂಬರ್ ಕೇಳದೆ ಇನ್ನೊಂದು ಹೊಸ ನಂಬರ್ ಮಾಡಿಸುತ್ತಾನೆ. ಅದೇ ಗೇಟು, ಅದೇ ಮಿಷಿನ್ನು, ಅದೇ ಸೂಪರ್‌ವೈಸರ್. ಇಎಸ್‌ಐ ಕಂಪ್ಯೂಟರಿನಲ್ಲಿ ಮಾತ್ರ ಒಬ್ಬ ಮನುಷ್ಯ ಇಬ್ಬರಾಗಿ, ಇಬ್ಬರಿಗೂ ಎರಡು ವರ್ಷ ತುಂಬಿರುವುದಿಲ್ಲ! ಒಬ್ಬರಿಗೆ ಜೀವನಪೂರ್ತಿ ಒಂದೇ ನಂಬರ್ ಇರಬೇಕೆಂಬುದು ನಿಗಮದ್ದೇ ನಿಯಮ. ಆಧಾರ್ ಜೋಡಿಸು ಜೋಡಿಸು ಅಂತ ಅಜ್ಜಿಯರನ್ನೂ ಸೈಬರ್ ಸೆಂಟರಿಗೆ ಅಲೆಸುವ ಸರ್ಕಾರಕ್ಕೆ ಈ ಎರಡು ನಂಬರ್ ಒಂದೇ ಆಧಾರಿನದು ಅಂತ ಕಂಡುಹಿಡಿಯಲು ಆಗುವುದಿಲ್ಲವೇ?

ಮೈಸೂರಿಗೆ ಕಾರ್ಖಾನೆ ಮುಚ್ಚುವುದು ಹೊಸದಲ್ಲ. 1996ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಮುಚ್ಚಿದಾಗ ಇಎಸ್‌ಐ ಅಡಿ ನಿರುದ್ಯೋಗ ಭತ್ಯೆ ಎಂಬುದೇ ಇರಲಿಲ್ಲ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಒಂದನ್ನು ಆರ್ಡರ್ ಇಲ್ಲವೆಂದು ಮುಚ್ಚಲು ಹೊರಟಾಗ ಕಾಲ ಬದಲಾಗಿತ್ತು. ಗೋಕುಲದಾಸ್ ಎಕ್ಸ್‌ಪೋರ್ಟ್ಸ್‌ಗೆ ಸೇರಿದ ಆ ಘಟಕದಲ್ಲಿ 1,200ಕ್ಕೂ ಹೆಚ್ಚು ಕಾರ್ಮಿಕರಿದ್ದರು, ಬಹುತೇಕ ಹೆಣ್ಣುಮಕ್ಕಳು. ಮನೆಗೆ ಹೋಗದೆ ವಾರಗಟ್ಟಲೆ ಕಾರ್ಖಾನೆಯಲ್ಲೇ ಧರಣಿ ಕೂತರು. ಸುದ್ದಿ ಅವರು ಹೊಲಿದ ಬಟ್ಟೆ ಮಾರುವ ವಿದೇಶಿ ಬ್ರಾಂಡ್‌ವರೆಗೆ ಹೋಯಿತು, 2021ರಲ್ಲಿ ಮತ್ತೆ ಕೆಲಸ ಕೊಡುವ ಒಪ್ಪಂದಕ್ಕೆ ಬಂದು ನಿಂತಿತು. ಅಲ್ಲಿ ಸಂಘವಿತ್ತು. ಸಂಘವಿಲ್ಲದ ಕಡೆ ಐವತ್ತು ಜನರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದರೆ ಸಂಜೆಯೊಳಗೆ ಐವತ್ತು ರಾಜೀನಾಮೆ ಆಗುತ್ತವೆ, ಪೇಪರಿನಲ್ಲಿ ಒಂದು ಸಾಲೂ ಬರುವುದಿಲ್ಲ.

ಯುವನಿಧಿಯನ್ನೇ ನೋಡಿ. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದವರೆಗೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಕೊಟ್ಟಾಗ ಊರೂರಿಗೆ ಗೊತ್ತಾಯಿತು, ಗೊತ್ತಾಗುವಂತೆ ಮಾಡಿದರು. ಮಾಡಲಿ, ಬೇಡ ಅನ್ನುವವರು ನಾವಲ್ಲ. ಆದರೆ ಅದು ಸರ್ಕಾರದ ಬೊಕ್ಕಸದಿಂದ ಕೊಡುವುದು. ಇಎಸ್‌ಐ ಭತ್ಯೆಗೆ ನೀವೇ ತಿಂಗಳು ತಿಂಗಳು ಕಂತು ಕಟ್ಟಿದ್ದೀರಿ. ಕೊಡುವ ದುಡ್ಡಿಗೆ ಅಷ್ಟು ದೊಡ್ಡ ವೇದಿಕೆ, ಕೊಡಬೇಕಾದ ದುಡ್ಡಿಗೆ ಪಂಚಾಯಿತಿ ಕಚೇರಿ ಗೋಡೆಯ ಮೇಲೆ ಒಂದು ಚೀಟಿಯೂ ಬೇಡವೇ?

ಭತ್ಯೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ಮಾತು ಟೀ ಅಂಗಡಿಯಲ್ಲೂ ಕೇಳಿದ್ದೇವೆ. ಟ್ರ್ಯಾಕ್ಟರಿಗೆ ವಿಮೆ ಕಟ್ಟಿ, ಅದು ಹಳ್ಳಕ್ಕೆ ಬಿದ್ದಾಗ ಕ್ಲೇಮು ಕೇಳಿದರೆ ಯಾರೂ ಸೋಮಾರಿ ಅನ್ನುವುದಿಲ್ಲ.

ನಮ್ಮ ಬೇಡಿಕೆ ಸಣ್ಣದೇನಲ್ಲ. ಅಟಲ್ ಯೋಜನೆ ಪ್ರಯೋಗವೆಂದು ಶುರುವಾಗಿ ವರ್ಷ, ಎರಡು ವರ್ಷ ಅಂತ ಆದೇಶದ ಮೇಲೆ ಆದೇಶದಲ್ಲಿ ಮುಂದಕ್ಕೆ ಬಂದಿದೆ. ಅದನ್ನು ಕಾಯಂ ಮಾಡಬೇಕು. ಜೀವಮಾನಕ್ಕೊಂದೇ ಸಲ ಎಂಬುದು ಹೋಗಬೇಕು, ಕಂತು ಜೀವಮಾನಕ್ಕೊಂದೇ ಸಲ ಹಿಡಿಯುವುದಿಲ್ಲವಲ್ಲ. ಒಂದೇ ಕಾರ್ಖಾನೆಯಲ್ಲಿ ಒಂದೇ ವಾರ ಹತ್ತಾರು ಜನ "ಸ್ವಂತ ಕಾರಣಕ್ಕೆ" ಬಿಟ್ಟಿದ್ದರೆ ಅದನ್ನು ತೆಗೆದುಹಾಕಿದ್ದು ಎಂದೇ ಹಿಡಿಯಬೇಕು, ಅಲ್ಲವೆಂದು ಸಾಬೀತು ಮಾಡುವ ಹೊಣೆ ಕಂಪನಿಯದಾಗಬೇಕು. ಯಾರ ವಂತಿಗೆ ನಿಂತಿತೆಂದು ನಿಗಮದ ಕಂಪ್ಯೂಟರಿಗೆ ಮೊದಲು ಗೊತ್ತಾಗುತ್ತದೆ. ಅಲ್ಲಿಂದಲೇ ಕಾರ್ಮಿಕರ ಫೋನಿಗೆ ಕನ್ನಡದಲ್ಲಿ ಒಂದು ಮೆಸೇಜ್ ಬರಲಿ.

ಅದು ಬರುವ ತನಕ ಈ ಕೆಲಸ ನಾವೇ ಮಾಡಿಕೊಳ್ಳಬೇಕು. ಸಂಬಳದ ಚೀಟಿಯಲ್ಲಿರುವ ವಿಮಾ ನಂಬರನ್ನು ಫೋನಿನಲ್ಲಿ ಫೋಟೊ ತೆಗೆದಿಡಿ. ಹೊಸ ಕಂಟ್ರಾಕ್ಟರ್ ಬಂದ ದಿನ ಅದೇ ನಂಬರ್ ಹಾಕಿಸಿ. ಕೆಲಸ ಹೋದರೆ ಮೊದಲು ಇಎಸ್‌ಐ ಬ್ರಾಂಚ್ ಆಫೀಸಿಗೆ ಹೋಗಿ, ಎರಡರಲ್ಲಿ ಯಾವುದು ನಿಮಗೆ ಅನ್ವಯಿಸುತ್ತದೆ, ಅವಧಿ ಇವತ್ತಿಗೆ ಎಲ್ಲಿಯವರೆಗೆ ಇದೆ ಅಂತ ಕೇಳಿ. ರಾಜೀನಾಮೆ ಹಾಳೆ ಮುಂದಿಟ್ಟರೆ, "ನೀವೇ ತೆಗೆದಿದ್ದೀರಿ ಅಂತ ಬರೆದುಕೊಡಿ ಸಾರ್, ನಾನು ಸೈನ್ ಹಾಕಿ ತಗೊಂಡು ಹೋಗ್ತೀನಿ" ಅನ್ನಿ. ಅಕ್ಕಪಕ್ಕದ ಮಿಷಿನ್ನಿನವರಿಗೂ ಇದನ್ನೇ ಹೇಳಿಕೊಟ್ಟಿರಿ, ಒಬ್ಬೊಬ್ಬರನ್ನೇ ಒಳಗೆ ಕರೆಯುವ ಮೊದಲು.