ಅವನಿಗೆ ಟೆನ್ಷನ್, ನಮಗೆ ಬಾಸುಂಡೆ

ಕಳೆದ ತಿಂಗಳು ನಮ್ಮ ಸಂಘದ ಸಭೆಗೆ ಒಬ್ಬ ಗೆಳತಿ ತಲೆಯ ಮೇಲೆ ಸೆರಗು ಹೊದ್ದು ಬಂದಳು. ಕಂತಿನ ಹಣ ಕೊಟ್ಟು, ಪುಸ್ತಕಕ್ಕೆ ಸಹಿ ಹಾಕಿ ಬೇಗನೆ ಎದ್ದು ಹೊರಟಳು. ಪಕ್ಕದಲ್ಲಿದ್ದವಳು ಸೆರಗು ಸರಿಸಿ ನೋಡಿದರೆ ಕೆನ್ನೆ ಊದಿತ್ತು, ತೋಳಿನ ಮೇಲೆ ಬಾಸುಂಡೆ ಎದ್ದಿತ್ತು. "ಏನೇ ಇದು?" ಎಂದರೆ, "ಏನಿಲ್ಲಕ್ಕಾ, ಅವರಿಗೆ ಕೆಲಸದ ಕಡೆ ಟೆನ್ಷನ್ನು. ಮೇಸ್ತ್ರಿ ಎರಡು ವಾರದಿಂದ ಬಟವಾಡೆ ಮಾಡಿಲ್ಲ" ಎಂದಳು. ನಾವು ಕೂತವರು ಏನೆಂದೆವು? "ಪಾಪ, ಗಂಡಸರಿಗೆ ನೂರೆಂಟು ತಾಪತ್ರಯ" ಎಂದೆವು. ನಮ್ಮ ಬಾಯಿಂದ ಬಂದ ಆ 'ಪಾಪ' ಸಂದಾಯವಾದದ್ದು ಯಾರಿಗೆ? ಹೊಡೆದವನಿಗೆ!

ಗೆಳತಿಯರೇ, ಈ 'ಟೆನ್ಷನ್' ಎಂಬ ಮಾತನ್ನು ಇವತ್ತು ಸ್ವಲ್ಪ ಬಿಚ್ಚಿ ನೋಡೋಣ.

ಕೂಲಿ ಕೊಡದವನು ಮೇಸ್ತ್ರಿ. ಪೆಟ್ಟು ತಿಂದವಳು ಹೆಂಡತಿ. ಸಿಟ್ಟು ತಡೆಯಲಾರದೆ ಹೊಡೆದ ಎನ್ನುವುದಾದರೆ ಅವನು ಮೇಸ್ತ್ರಿಗೆ ಏಕೆ ಹೊಡೆಯಲಿಲ್ಲ? ಸಾಲ ವಸೂಲಿಗೆ ಬಂದವನಿಗೆ ಏಕೆ ಹೊಡೆಯಲಿಲ್ಲ? ದಾರಿಯಲ್ಲಿ ತಡೆದ ಪೊಲೀಸಿನವನ ಮುಂದೆ ಕೈಕಟ್ಟಿ ನಿಂತದ್ದು ಏಕೆ? ಬೆಳಗಿನಿಂದ ಸಂಜೆಯವರೆಗೆ ಎಲ್ಲರ ಮುಂದೆ ಸಿಟ್ಟನ್ನು ಹಿಡಿದಿಟ್ಟುಕೊಂಡವನಿಗೆ ಹೊಸ್ತಿಲು ದಾಟಿದ ಕೂಡಲೇ ಕೈ ತಡೆಯುವುದಿಲ್ಲ ಎಂದರೆ ನಂಬುವುದು ಹೇಗೆ? ಹೊರಗೆ ಹೊಡೆದರೆ ಕೆಲಸ ಹೋಗುತ್ತದೆ, ಹಲ್ಲು ಉದುರುತ್ತದೆ, ಠಾಣೆಗೆ ಅಲೆಯಬೇಕಾಗುತ್ತದೆ. ಒಳಗೆ ಹೊಡೆದರೆ ಬಿಸಿ ಊಟ ಸಿಗುತ್ತದೆ. ಈ ಲೆಕ್ಕ ಅವನಿಗೆ ಚೆನ್ನಾಗಿಯೇ ಗೊತ್ತಿದೆ. ಲೆಕ್ಕ ಹಾಕಿ ಹೊಡೆಯುವುದನ್ನು ಕಾಯಿಲೆ ಎನ್ನಬೇಡಿ, ಅದು ಅಧಿಕಾರ.

ಇನ್ನು ನಮ್ಮ ಟೆನ್ಷನ್ನಿನ ಲೆಕ್ಕಕ್ಕೆ ಬರೋಣ. 2024ರಲ್ಲಿ ಕೇಂದ್ರ ಸರ್ಕಾರವೇ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿತು. ಮನೆಗೆಲಸ ಮಾಡುವ ಹೆಂಗಸು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಸವೆಸುತ್ತಾಳೆ. ಮನೆಗೆಲಸಕ್ಕೆ ಕೈಹಾಕುವ ಗಂಡಸು ಕೊಡುವುದು 88 ನಿಮಿಷ. ಅಂಥ ಗಂಡಸರೂ ಎಷ್ಟು ಮಂದಿ ಎಂಬುದು ನಿಮಗೇ ಗೊತ್ತು. ಇದರ ಮೇಲೆ ಕೂಲಿ, ಬೀಡಿ, ಗಾರ್ಮೆಂಟ್ಸು, ಹೊಲ. ಅದರ ಮೇಲೆ ಸಂಘದ ಕಂತು. ಸಾಲ ನಮ್ಮ ಹೆಸರಿನಲ್ಲಿ, ಖರ್ಚು ಅವನ ಕೈಯಲ್ಲಿ, ಬಾಗಿಲಿಗೆ ಬಂದವರ ಬೈಗುಳ ಮತ್ತೆ ನಮಗೆ. ಸಾಲ ವಸೂಲಿಯ ಕಿರುಕುಳ ಎಲ್ಲಿಗೆ ಮುಟ್ಟಿತ್ತೆಂದರೆ 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಇಷ್ಟೆಲ್ಲ ಹೊತ್ತ ಹೆಂಗಸು ಸಂಜೆ ಮನೆಗೆ ಬಂದು ಗಂಡನ ಕೆನ್ನೆಗೆ ಬಾರಿಸಿ, "ನನಗೆ ಟೆನ್ಷನ್" ಎಂದರೆ ಊರು 'ಪಾಪ' ಎನ್ನುತ್ತದೆಯೇ?

ಹಾಗಾದರೆ ನಮ್ಮ ಸಂಕಟ ಎಲ್ಲಿಗೆ ಹೋಗುತ್ತದೆ? ನಮ್ಮ ಮೈಯೊಳಗೇ ಇಳಿಯುತ್ತದೆ. ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತ ಹೆಂಗಸರನ್ನು ಕೇಳಿ ನೋಡಿ. ತಲೆನೋವು, ಸೊಂಟನೋವು, ಎದೆಬಡಿತ, ಕೈಕಾಲು ಜೋಮು, ನಿದ್ದೆಯಿಲ್ಲ, ಬಿಳಿಸೆರಗು. ಗೋವಾದಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಬಿಳಿಸೆರಗಿನ ದೂರಿಗೂ ಮನಸ್ಸಿನ ಸಂಕಟಕ್ಕೂ ಗಾಢವಾದ ನಂಟಿರುವುದು ಕಂಡುಬಂತು. ಬಾಯಿ ಆಡಬಾರದ ಮಾತನ್ನು ಮೈ ಆಡುತ್ತದೆ. ವೈದ್ಯರು ಕೆಂಪು ಮಾತ್ರೆ ಕೊಟ್ಟು ಕಳಿಸುತ್ತಾರೆ. ಕೆಲವರಿಗೆ ಮೈಮೇಲೆ ಅಮ್ಮ ಬರುತ್ತಾಳೆ. ಹಗಲೆಲ್ಲ ತಲೆ ಬಗ್ಗಿಸಿದವಳು ಆ ಹೊತ್ತಿನಲ್ಲಿ ಮಾತ್ರ ಗಂಡನನ್ನು ಏಕವಚನದಲ್ಲಿ ಕರೆದು ಗದರಿಸಬಲ್ಲಳು, ಅವನು ಕೈಮುಗಿದು ಕೇಳುತ್ತಾನೆ. ತನ್ನ ನೋವು ಹೇಳಿಕೊಳ್ಳಲು ಹೆಣ್ಣು ದೇವರೇ ಆಗಬೇಕಾದ ಸಮಾಜ ಇದು!

ಇದನ್ನೆಲ್ಲ ಪ್ರಕೃತಿ ಎಂದು ಹೇಳುವ ಪಂಡಿತರಿದ್ದಾರೆ. 1992ರಲ್ಲಿ ಅಮೆರಿಕದ ಜಾನ್ ಗ್ರೇ ಎಂಬಾತ ಗಂಡು ಮಂಗಳಗ್ರಹದವನು, ಹೆಣ್ಣು ಶುಕ್ರಗ್ರಹದವಳು ಎಂದು ಪುಸ್ತಕ ಬರೆದ. ಒತ್ತಡ ಬಂದಾಗ ಗಂಡು ತನ್ನ ಗುಹೆ ಸೇರುತ್ತಾನೆ, ಹೆಣ್ಣು ಮಾತಾಡಬಯಸುತ್ತಾಳೆ, ಗುಹೆಯಲ್ಲಿರುವವನನ್ನು ಕೆಣಕಬಾರದು ಎಂದು ಅದರ ಬೋಧೆ. ನಮ್ಮ ಪತ್ರಿಕೆಗಳ ಮಹಿಳಾ ಪುಟಗಳಿಗೂ ಇಂಥ ಉಪದೇಶ ಬಹಳ ಪ್ರಿಯ. ಗಂಡ ದಣಿದು ಬಂದಾಗ ಕಾಫಿ ಕೊಡಿ, ಎದುರು ಮಾತಾಡಬೇಡಿ, ನಗುನಗುತ್ತಾ ಇರಿ! ಒಂದೇ ಕೋಣೆಯ ಮನೆಯಲ್ಲಿ ಅವನ ಗುಹೆ ಯಾವುದು? ಸಾರಾಯಿ ಅಂಗಡಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಗುಹೆಯ ಬೋರ್ಡು ಬದಲಾಗಿ ಬಾರ್ ಆಯಿತು. ನಮಗೆ ಗುಹೆ ಎಲ್ಲಿದೆ? ಬಚ್ಚಲುಮನೆಯಲ್ಲಿ ಐದು ನಿಮಿಷ ಅತ್ತು ಮುಖ ತೊಳೆದು ಬರುವುದೇ ನಮ್ಮ ಗುಹೆ.

2000ದಲ್ಲಿ ಶೆಲ್ಲಿ ಟೇಲರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು ಬೇರೊಂದು ಮಾತು ಹೇಳಿದರು. ಅಪಾಯ ಬಂದಾಗ ಜೀವಿ ಒಂದೋ ಕಾದಾಡುತ್ತದೆ, ಇಲ್ಲವೇ ಓಡುತ್ತದೆ ಎಂಬ ಹಳೆಯ ಸಿದ್ಧಾಂತ ಹೆಚ್ಚಾಗಿ ಗಂಡುಗಳ ಮೇಲೆ ನಡೆದ ಪ್ರಯೋಗಗಳಿಂದ ಬಂದದ್ದು. ಹೆಣ್ಣು ಮಕ್ಕಳನ್ನು ಅವುಚಿಕೊಳ್ಳುತ್ತಾಳೆ, ಜೊತೆಯವರನ್ನು ಸೇರಿಕೊಳ್ಳುತ್ತಾಳೆ ಎಂದರು. ಇದರಲ್ಲಿ ನಿಜವಿರಬಹುದು. ನಾವು ಸಂಘ ಕಟ್ಟಿದ್ದೂ ಹಾಗೆಯೇ. ಆದರೆ ಹುಷಾರ್! "ಹೆಣ್ಣು ಸಹಜವಾಗಿಯೇ ಸಹಿಸುವವಳು, ಭೂಮಿತೂಕದವಳು" ಎಂದು ಈ ಮಾತನ್ನೇ ತಿರುಚಿ ನಮ್ಮ ತಲೆಗೆ ಕಟ್ಟುವವರು ಕಾದಿದ್ದಾರೆ. ಕೈಯಲ್ಲಿ ಒಂದು ಎಕರೆ ಜಮೀನಿಲ್ಲದೆ, ತವರಿನ ಬಾಗಿಲು ಮುಚ್ಚಿ, ಕಂಕುಳಲ್ಲಿ ಕೂಸಿಟ್ಟುಕೊಂಡವಳು ಕಾದಾಡುವುದು ಹೇಗೆ, ಓಡುವುದು ಎಲ್ಲಿಗೆ? ಬೇರೆ ದಾರಿಗಳನ್ನೆಲ್ಲ ಮುಚ್ಚಿ, ಉಳಿದ ಒಂದು ದಾರಿಯನ್ನು ಹೆಣ್ಣಿನ ಸ್ವಭಾವ ಎನ್ನುವುದು ಮೋಸ.

"ಎಲ್ಲಕ್ಕೂ ಕುಡಿತವೇ ಕಾರಣ, ಕುಡಿಯದಿದ್ದರೆ ನನ್ನ ಗಂಡ ದೇವರಂಥವನು" ಎಂಬ ಮಾತನ್ನೂ ಪರೀಕ್ಷಿಸಬೇಕಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಪದೇ ಪದೇ ಕುಡಿದು ಬರುವ ಗಂಡಂದಿರ ಹೆಂಡತಿಯರಲ್ಲಿ ನೂರಕ್ಕೆ 70 ಮಂದಿ ಗಂಡನಿಂದ ದೈಹಿಕ ಇಲ್ಲವೇ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಕುಡಿತ ಬೆಂಕಿಗೆ ಎಣ್ಣೆ, ನಿಜ. ಆದರೆ ಗಂಡ ಕುಡಿಯುವುದೇ ಇಲ್ಲ ಎಂದವರಲ್ಲಿಯೂ 23 ಮಂದಿಗೆ ಇದೇ ಅನುಭವ. ಅವರ ಗಂಡಂದಿರಿಗೆ ಯಾವ ಅಮಲು? ಗಂಡೆಂಬ ಅಮಲು. ಅದೇ ಸಮೀಕ್ಷೆಯಲ್ಲಿ ಹಿಂಸೆ ಅನುಭವಿಸಿದ ನೂರು ಹೆಂಗಸರಲ್ಲಿ 77 ಮಂದಿ ಯಾರ ನೆರವನ್ನೂ ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ. ಸೆರಗು ಎಳೆದುಕೊಂಡು ಕೂತಿದ್ದಾರೆ, ನಮ್ಮ ಗೆಳತಿಯ ಹಾಗೆ.

ವರದಕ್ಷಿಣೆಯ ವಿಷಯದಲ್ಲೂ ಟೆನ್ಷನ್ನೇ ದಳ್ಳಾಳಿ. ವ್ಯಾಪಾರ ಕೆಟ್ಟಿತು, ಆಟೋ ಕಂತು ಬಾಕಿ, ಬೋರ್‌ವೆಲ್‌ನಲ್ಲಿ ನೀರು ಬರಲಿಲ್ಲ, ಅದಕ್ಕೇ "ತವರಿಂದ ತಾ". ಅವನ ನಷ್ಟವನ್ನು ನಮ್ಮಪ್ಪ ತುಂಬಬೇಕು, ತುಂಬದಿದ್ದರೆ ನಮ್ಮ ಮೈ ತುಂಬಬೇಕು. ಅತ್ತೆಯೂ ಇದಕ್ಕೆ ಕೈ ಸೇರಿಸುತ್ತಾಳೆ. ಇಲ್ಲಿ ನಾವು ನಮ್ಮನ್ನೂ ಕೇಳಿಕೊಳ್ಳಬೇಕು. 'ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ' ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ಗಂಡನ ಮೇಲಿನ ಸಿಟ್ಟಿಗೆ ಮಗುವಿನ ಬೆನ್ನಿಗೆ ಗುದ್ದದವರು ನಮ್ಮಲ್ಲಿ ಎಷ್ಟು ಮಂದಿ? ಒಂದು ಕಾಲಕ್ಕೆ ಪೆಟ್ಟು ತಿಂದವಳೇ ಅತ್ತೆಯಾದ ಮೇಲೆ ಸೊಸೆಯ ಮೇಲೆ ಹರಿಹಾಯುವುದಿಲ್ಲವೇ? ಸಿಟ್ಟು ನೀರಿನ ಹಾಗೆ, ತಗ್ಗು ಇದ್ದ ಕಡೆ ಹರಿಯುತ್ತದೆ. ನಮ್ಮ ಹೋರಾಟ ಆ ತಗ್ಗನ್ನು ಮುಚ್ಚುವುದಕ್ಕೆ.

ಗಂಡಸರಿಗೆ ನೋವಿಲ್ಲ ಎಂದು ನಾವು ಹೇಳುತ್ತಿಲ್ಲ. ದೇಶದಲ್ಲಿ ಆತ್ಮಹತ್ಯೆಗೆ ಬಲಿಯಾಗುವವರಲ್ಲಿ ಗಂಡಸರೇ ಹೆಚ್ಚು. ಸರ್ಕಾರದ ಲೆಕ್ಕದಲ್ಲಿ 2021ರಲ್ಲಿ 1,18,000ಕ್ಕೂ ಹೆಚ್ಚು ಗಂಡಸರು, 45,000ಕ್ಕೂ ಹೆಚ್ಚು ಹೆಂಗಸರು ಹೀಗೆ ಸತ್ತರು. ಆ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗೃಹಿಣಿಯರು. "ಗಂಡಸು ಅಳಬಾರದು" ಎಂದು ಹುಡುಗನಿಗೆ ಕಲಿಸುವ ವ್ಯವಸ್ಥೆಯೇ "ಹೆಂಗಸು ಎದುರಾಡಬಾರದು" ಎಂದು ಹುಡುಗಿಗೆ ಕಲಿಸುತ್ತದೆ. ಅಳಲು ಬಾರದವನು ಕುಡಿಯುತ್ತಾನೆ, ಹೊಡೆಯುತ್ತಾನೆ, ಒಂದು ದಿನ ತನ್ನನ್ನೇ ಮುಗಿಸಿಕೊಳ್ಳುತ್ತಾನೆ. ಅವನಿಗೂ ಮರುಕವಿರಲಿ, ಚಿಕಿತ್ಸೆ ಸಿಗಲಿ. ಆದರೆ ಅವನ ಔಷಧಿ ನಮ್ಮ ಬೆನ್ನಲ್ಲ.

ಕಾನೂನು ಟೆನ್ಷನ್ನಿಗೆ ರಿಯಾಯಿತಿ ಕೊಟ್ಟಿಲ್ಲ. 1983ರಲ್ಲಿ ಹೋರಾಡಿ ಪಡೆದ 498ಎ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ, ವರದಕ್ಷಿಣೆ ಸಾವಿನ 304ಬಿ ಈಗ 80ನೇ ಕಲಂ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಅದೇ ಮನೆಯಲ್ಲಿ ಉಳಿಯುವ ಹಕ್ಕು, ರಕ್ಷಣಾ ಆದೇಶ, ಜೀವನಾಂಶ ಕೇಳಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋಗಿ, ಒಬ್ಬರೇ ಹೋಗಬೇಡಿ, ಸಂಘದವರು ನಾಲ್ಕು ಜನ ಹೋಗಿ. ತುರ್ತಿಗೆ ಮಹಿಳಾ ಸಹಾಯವಾಣಿ 181 ಇದೆ. ಬದುಕು ಬೇಡವೆನಿಸುವಷ್ಟು ಮನಸ್ಸು ಕುಗ್ಗಿದರೆ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಗಂಡಸರಿಗೂ ಆ ನಂಬರು ಕೊಡಿ.

ಮುಂದಿನ ಸಭೆಯಲ್ಲಿ ಕಂತು ಎಣಿಸುವ ಮೊದಲು ಹತ್ತು ನಿಮಿಷ ಒಬ್ಬರ ಮುಖ ಒಬ್ಬರು ನೋಡಿ ಕೂರೋಣ. ಯಾರಾದರೂ "ಅವರಿಗೆ ಟೆನ್ಷನ್" ಎಂದರೆ 'ಪಾಪ' ಎನ್ನಬೇಡಿ. ಒಂದೇ ಪ್ರಶ್ನೆ ಕೇಳಿ: "ಮೇಸ್ತ್ರಿಗೂ ಹೊಡೆದನೇನೇ?" ಅವಳು ಇಲ್ಲ ಎನ್ನುತ್ತಾಳೆ. ಆ 'ಇಲ್ಲ'ದಿಂದ ನಮ್ಮ ಕೆಲಸ ಶುರು. ನಮ್ಮ ಗೆಳತಿ ಅಂದು ಬೇಗ ಎದ್ದು ಹೋದಳು, ನಾವು ಹೋಗಲು ಬಿಟ್ಟೆವು. ಇನ್ನು ಮೇಲೆ ಬಿಡಬಾರದು.